ಕಟ್ಟಿದ್ದಷ್ಟೇ ಹೋಗುವ ಆಟ

ಗೋಕಾಕ, ಮೂಡಲಗಿ, ಅರಭಾವಿ ಕಡೆಯ ಪೊಲೀಸ್ ಸುದ್ದಿಗೊಂದು ಸಿದ್ಧ ಅಚ್ಚಿದೆ: ಊರ ಹೊರಗೆ ಅಂದರ್-ಬಾಹರ್, ಖಚಿತ ಮಾಹಿತಿ ಮೇರೆಗೆ ದಾಳಿ, ಇಷ್ಟು ನಗದು ಮತ್ತು 52 ಇಸ್ಪೀಟ್ ಎಲೆ ವಶ. ಅದೇ 52 ಎಲೆಗಳ ಮೇಲೆ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಅರ್ಧ ಶತಮಾನ ದಾಟಿದ ಪಂದ್ಯಾವಳಿಯೊಂದು ನಿಂತಿದೆ. ಹೆಸರು ವರ್ಲ್ಡ್ ಸಿರೀಸ್ ಆಫ್ ಪೋಕರ್.

1970ರಲ್ಲಿ ಹಾರ್ಸ್‌ಶೂ ಕ್ಯಾಸಿನೊದ ಬೆನ್ನಿ ಬಿನಿಯನ್ ಕೆಲವು ಪಳಗಿದ ಆಟಗಾರರನ್ನು ಕರೆಸಿ ಆಡಿಸಿದ. ಗೆದ್ದವರನ್ನು ಆರಿಸಿದ್ದು ಎಲೆಗಳಲ್ಲ, ಆಟಗಾರರ ಮತ. ಮೊದಲು ಎಲ್ಲರೂ ತಮಗೆ ತಾವೇ ಮತ ಹಾಕಿಕೊಂಡರಂತೆ! ಕೊನೆಗೆ ಜಾನಿ ಮಾಸ್ ಚಾಂಪಿಯನ್ ಆದ.

ಮರುವರ್ಷ ನಿಯಮ ಬದಲಾಯಿತು. ಶುಲ್ಕ ಕಟ್ಟಿದವರಿಗೆಲ್ಲ ಸಮಪಾಲು ಚಿಪ್ಸ್, ಅಂದರೆ ಪಣದ ಬಿಲ್ಲೆ. ಅವು ಮುಗಿದವನು ಎದ್ದು ಹೋಗಬೇಕು. ಎಲ್ಲ ಚಿಪ್ಸ್ ಒಬ್ಬನ ಮುಂದೆ ಸೇರುವವರೆಗೂ ಆಟ. ನನ್ನ ಲೆಕ್ಕದಲ್ಲಿ ಈ ಪಂದ್ಯಾವಳಿಯನ್ನು ಉಳಿಸಿದ್ದು ಇದೇ. ನಮ್ಮಲ್ಲಿ ಸೋತವನು ಮತ್ತೆ ಜೇಬಿಗೆ ಕೈ ಹಾಕುತ್ತಾನೆ. ಜೇಬು ಖಾಲಿಯಾದರೆ ಕೈಯುಂಗುರ, ಆಮೇಲೆ ಬೈಕು, ಕಡೆಗೆ ಇನ್ನೂ ಬಾರದ ಕಬ್ಬಿನ ಬಿಲ್ಲು. ಅಲ್ಲಿಯ ಮುಖ್ಯ ಪಂದ್ಯದಲ್ಲಿ ಕಟ್ಟಿದ್ದಷ್ಟೇ ಹೋಗುತ್ತದೆ. ಅದೇನು ಸಣ್ಣ ಮೊತ್ತವಲ್ಲ ಅನ್ನಿ: 1972ರಲ್ಲಿ 10,000 ಡಾಲರ್ ಎಂದು ಗೊತ್ತುಮಾಡಿದ ಶುಲ್ಕ ಇಂದಿಗೂ ಅಷ್ಟೇ ಇದೆ.

ಮೂರು ದಶಕ ಇದು ಪಳಗಿದವರ ಜಾತ್ರೆಯಾಗಿತ್ತು. 2003ರಲ್ಲಿ ಬಾಗಿಲು ತೆರೆಯಿತು. ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ (‘ಹಣ ಮಾಡುವವ’ ಎಂಬರ್ಥದ ಅದು ಅವನ ನಿಜವಾದ ಮನೆತನದ ಹೆಸರೇ) ನೂರು ಡಾಲರಿಗೂ ಕಡಿಮೆ ಕಟ್ಟಿ, ಆನ್‌ಲೈನ್ ಅರ್ಹತಾ ಪಂದ್ಯದಲ್ಲಿ ಗೆದ್ದು ಬಂದ. 25 ಲಕ್ಷ ಡಾಲರ್ ಒಯ್ದ. ಮುಚ್ಚಿಟ್ಟ ಎಲೆಗಳನ್ನು ವೀಕ್ಷಕನಿಗೆ ತೋರಿಸುವ ಕ್ಯಾಮೆರಾ ಮೇಜಿಗೆ ಬಂದಿದ್ದರಿಂದ, ಕೈಯಲ್ಲಿ ಏನೂ ಇಲ್ಲದೆ ಎದುರಾಳಿಯನ್ನು ಹೆದರಿಸಿ ಎಬ್ಬಿಸುವ ಅವನ ಧೈರ್ಯವನ್ನು ಮನೆಮನೆ ನೋಡಿತು. ಆ ವರ್ಷ ಮುಖ್ಯ ಪಂದ್ಯಕ್ಕೆ 839 ಮಂದಿ, 2006ಕ್ಕೆ 8,773. ಅದೇ ವರ್ಷ ಅಮೆರಿಕ ಆನ್‌ಲೈನ್ ಜೂಜಿನ ಹಣಪಾವತಿಗೆ ಕಡಿವಾಣ ಹಾಕಿತು, ಸಂಖ್ಯೆ ಕುಸಿಯಿತು. 2023ರಲ್ಲಿ ಮೊದಲ ಬಾರಿ ಹತ್ತು ಸಾವಿರ ದಾಟಿತು.

ನಮ್ಮವರು ತಡವಾಗಿ ಬಂದರು. ಗೆದ್ದವರಿಗೆ ಕೊಡುವ ಕೈಕಡಗ ಭಾರತೀಯರಿಗೆ ಮೊದಲು ಸಿಕ್ಕಿದ್ದು 2017ರಲ್ಲಿ, ಆದಿತ್ಯ ಸುಶಾಂತ್ ಮತ್ತು ನಿಪುಣ್ ಜಾವಾ ಜೋಡಿಗೆ. 2024ರಲ್ಲಿ ಬೆಂಗಳೂರಿನ ಸಂತೋಷ್ ಸುವರ್ಣ ಎರಡೂವರೆ ಲಕ್ಷ ಡಾಲರ್ ಶುಲ್ಕದ ಪಂದ್ಯ ಗೆದ್ದು 54 ಲಕ್ಷ ಡಾಲರ್ ಪಡೆದರು.

ಪೋಕರ್ ಅದೃಷ್ಟವೋ ಕೌಶಲವೋ? ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ರಾಜ್ಯ 2021ರಲ್ಲಿ ನಿಷೇಧಿಸಿತು; 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆ ಪ್ರಶ್ನೆಯನ್ನೇ ಬದಿಗಿಟ್ಟಿದೆ: ಕೌಶಲವಿರಲಿ, ಅದೃಷ್ಟವಿರಲಿ, ಹಣ ಪಣಕ್ಕಿಡುವ ಆನ್‌ಲೈನ್ ಆಟಕ್ಕೆ ನಿಷೇಧ. ಮನಿಮೇಕರ್ ಒಳಬಂದ ಬಾಗಿಲು ನಮ್ಮಲ್ಲಿ ಈಗ ಮುಚ್ಚಿದೆ. ಇದನ್ನು ಓದಿ ಆ್ಯಪ್ ಹುಡುಕಲು ಹೊರಡಬೇಡಿ.