ಬದಲಾದ ಹೆಸರು, ಬದಲಾಗದ ಗುರುತು: ಭದ್ರಾವತಿಯ ಕಾರ್ಖಾನೆಯ ಒಂದು ನಿದರ್ಶನ

ಚರಿತ್ರೆಯ ವಿದ್ಯಾರ್ಥಿಯನ್ನು ದಾರಿ ತಪ್ಪಿಸುವ ಸಂಗತಿಗಳಲ್ಲಿ ಹೆಸರಿನ ಬದಲಾವಣೆಯೂ ಒಂದು. ವಸ್ತು ಒಂದೇ ಆಗಿದ್ದು ಪಟ್ಟಿಯಲ್ಲಿ ಅದರ ಹೆಸರು ಮಾತ್ರ ಬೇರೆಯಾದಾಗ, ಒಂದನ್ನು ಎರಡೆಂದು ಎಣಿಸುವ ಪ್ರಮಾದ ಸುಲಭವಾಗಿ ಒದಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಹಿಂದೆ ಬೆಂಕಿಪುರವೆನಿಸಿದ್ದ ಊರೇ ಭದ್ರಾವತಿ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ ಅಲ್ಲಿ 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಸಂಸ್ಥೆಗೆ ಮೈಸೂರು ಕಬ್ಬಿಣದ ಕಾರ್ಖಾನೆಯೆಂದು ಹೆಸರಿತ್ತು. ಮುಂದೆ ಉಕ್ಕಿನ ತಯಾರಿಕೆಯೂ ಕೂಡಿದುದರಿಂದ ಹೆಸರಿನಲ್ಲಿಯೂ ಉಕ್ಕು ಸೇರಿತು. 1962ರಲ್ಲಿ ಅದು ಸರ್ಕಾರಿ ಕಂಪೆನಿಯಾಯಿತು. 1973ರಲ್ಲಿ ಮೈಸೂರು ರಾಜ್ಯವು ಕರ್ನಾಟಕವಾಯಿತು. 1976ರಲ್ಲಿ ಕಾರ್ಖಾನೆಯ ಹೆಸರಿನಿಂದಲೂ 'ಮೈಸೂರು' ಮರೆಯಾಗಿ, ವಿಶ್ವೇಶ್ವರಯ್ಯನವರ ನಾಮಧೇಯ ಅಲ್ಲಿ ನೆಲೆಗೊಂಡಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದ ಈ ಸಂಸ್ಥೆ 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಹೆಸರೂ ಒಡೆತನವೂ ಬದಲಾದವೇ ಹೊರತು, ಹಳೆಯ ಕಾರ್ಖಾನೆ ಅಳಿದು ಹೊಸದೊಂದು ಹುಟ್ಟಲಿಲ್ಲ.

ಈ ಸ್ಥಿತಿಯನ್ನು ಸ್ಪಷ್ಟಪಡಿಸುವ ಹೋಲಿಕೆಯೊಂದು ಗಣಕಯಂತ್ರದಲ್ಲಿ ದೊರೆಯುತ್ತದೆ. ಅದರಲ್ಲಿ ನಡೆಯುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ಸಂಖ್ಯೆಯೂ ಹೆಸರೂ ಇರುತ್ತವೆ. ಲಿನಕ್ಸ್ ವ್ಯವಸ್ಥೆಯಲ್ಲಿ ಹೆಸರು ಎರಡೆಡೆ ದಾಖಲಾಗುತ್ತದೆ: ಒಂದು, ವ್ಯವಸ್ಥೆಯ ಒಳಗಣ 15 ಬೈಟುಗಳ ಮಿತಿಯ ಕಿರುನಾಮ; ಮತ್ತೊಂದು, ಪ್ರೋಗ್ರಾಮನ್ನು ಪ್ರಾರಂಭಿಸಿದ ಆಜ್ಞೆಯ ಸಾಲು. ಪ್ರೋಗ್ರಾಮು ನಡೆಯುತ್ತಿರುವಾಗಲೇ ಇವುಗಳಲ್ಲಿ ಯಾವುದನ್ನಾದರೂ ತಾನೇ ಬದಲಿಸಿಕೊಳ್ಳಬಲ್ಲದು. ಒಂದು ಬದಲಾದರೂ ಮತ್ತೊಂದು ಹಾಗೆಯೇ ಉಳಿಯುವುದರಿಂದ, ಎರಡು ಪಟ್ಟಿಗಳು ಒಂದೇ ಪ್ರೋಗ್ರಾಮನ್ನು ಬೇರೆ ಬೇರೆ ಹೆಸರಿನಿಂದ ತೋರಿಸಬಹುದು. ಅದರ ಸಂಖ್ಯೆಯಾದರೋ ಅದು ಮುಗಿಯುವವರೆಗೂ ಬದಲಾಗದು.

ನೆರೆಯ ಶಿವಮೊಗ್ಗದಲ್ಲಿಯೂ ಇಂತಹುದೇ ಸಂಗತಿಯನ್ನು ಕಾಣುತ್ತೇವೆ. ಇಂಗ್ಲಿಷಿನಲ್ಲಿ 'ಶಿಮೊಗ' ಎಂದು ಬರೆಯಲಾಗುತ್ತಿದ್ದ ನಗರದ ಹೆಸರು 2014ರ ನವೆಂಬರ್ 1ರಂದು ಕನ್ನಡದ ಉಚ್ಚಾರಣೆಗೆ ಅನುಗುಣವಾಯಿತು. ಆದರೆ ರೈಲು ನಿಲ್ದಾಣದ 'ಎಸ್‌ಎಂಇಟಿ' ಎಂಬ ಸಂಕೇತ ಬದಲಾಗಲಿಲ್ಲ.

ಆದುದರಿಂದ ಕಡತಗಳನ್ನು ಪರಿಶೀಲಿಸುವಾಗ ನಾವು ಹೆಸರೊಂದನ್ನೇ ಆಧಾರವಾಗಿಟ್ಟುಕೊಳ್ಳಲಾಗದು. ಸ್ಥಳ, ಸಂಕೇತ, ಒಡೆತನದ ಪರಂಪರೆ ಇವುಗಳನ್ನು ಒಟ್ಟಿಗೆ ಗಮನಿಸಬೇಕು. ಕೊನೆಯ ಹೆಸರಿನಲ್ಲಿ ಮಾತ್ರ ಹುಡುಕುವವನಿಗೆ 1923ರಲ್ಲಿ ಆ ಕುಲುಮೆಯ ಮುಂದೆ ದುಡಿದವರ ಚರಿತ್ರೆ ದೊರೆಯುವುದಿಲ್ಲ. ಅವರ ದುಡಿಮೆ ಮೈಸೂರಿನ ಹೆಸರಿನಲ್ಲಿ ದಾಖಲಾಗಿದೆ. ಅದನ್ನು ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆಯ ಲೆಕ್ಕಕ್ಕೆ ಸೇರಿಸುವುದು ಸಂಶೋಧಕನ ಕರ್ತವ್ಯವಾಗಿದೆ.