ಬಳಸಿ ಬಿಸಾಡುವ ಗುಟ್ಟಿನ ಮಾತು

ಅನೇಕ ಜಾಲತಾಣಗಳು ಈಗ ಒಳಗೆ ಬಿಡಲು ಪಾಸ್‌ವರ್ಡ್ ಕೇಳುವುದನ್ನೇ ಬಿಟ್ಟಿವೆ. ಇ-ಮೇಲ್ ವಿಳಾಸ ಕೊಟ್ಟರೆ ಅಲ್ಲಿಗೆ ಆರು ಅಂಕಿಗಳ ಸಂಖ್ಯೆಯೊಂದು ಬರುತ್ತದೆ. ಅದನ್ನು ನೋಡಿ ಬರೆದರೆ ಬಾಗಿಲು ತೆರೆಯುತ್ತದೆ. ಕೆಲವು ನಿಮಿಷ ಕಳೆದರೆ ಅದೇ ಸಂಖ್ಯೆಗೆ ಕವಡೆ ಕಿಮ್ಮತ್ತೂ ಇರುವುದಿಲ್ಲ. ಒಟಿಪಿ ಎಂಬ ಮೂರಕ್ಷರ ಮನೆಮನೆಯ ಮಾತಾಗಿದೆಯಾದರೂ ಬಳಸಿ ಬಿಸಾಡುವ ಗುಟ್ಟಿನ ಮಾತು ಕಂಪ್ಯೂಟರ್ ಯುಗದ ಸೃಷ್ಟಿಯೇನಲ್ಲ.

ಕ್ರಿ.ಪೂ. ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ರೋಮನ್ ಸೇನಾಶಿಬಿರವನ್ನು ವರ್ಣಿಸುತ್ತ ಒಂದು ಕಟ್ಟಳೆಯನ್ನು ವಿವರವಾಗಿ ಹೇಳುತ್ತಾನೆ. ಪ್ರತಿದಿನ ಸೂರ್ಯಾಸ್ತದ ಹೊತ್ತಿಗೆ, ಶಿಬಿರದ ಬೀದಿಯ ಕಟ್ಟಕಡೆಯಲ್ಲಿರುವ ತುಕಡಿಯ ಸೈನಿಕನೊಬ್ಬ ಅಧಿಕಾರಿಯ ಡೇರೆಗೆ ಹೋಗಿ, ಆ ರಾತ್ರಿಯ ಸಂಕೇತಪದ ಬರೆದ ಮರದ ಹಲಗೆಯನ್ನು ಪಡೆಯುತ್ತಿದ್ದ. ಅದನ್ನು ಮುಂದಿನ ತುಕಡಿಯ ನಾಯಕನಿಗೆ ಕೊಡುವಾಗ ಸಾಕ್ಷಿಗಳು ಇರಬೇಕಿತ್ತು. ಹಾಗೆಯೇ ಕೈಯಿಂದ ಕೈಗೆ ಸಾಗಿ, ಕತ್ತಲಾಗುವ ಮುನ್ನ ಹಲಗೆ ಅಧಿಕಾರಿಯ ಬಳಿಗೇ ಹಿಂತಿರುಗಬೇಕು. ಬಾರದಿದ್ದರೆ, ಯಾವ ಹಲಗೆ ಎಲ್ಲಿ ನಿಂತಿತೆಂಬುದು ಗುರುತಿನಿಂದ ತಿಳಿಯುತ್ತಿತ್ತು. ತಪ್ಪಿತಸ್ಥನಿಗೆ ಶಿಕ್ಷೆ ಕಾದಿರುತ್ತಿತ್ತು.

ಸಾವಿರಾರು ಜನರಿಗೆ ತಿಳಿದಿರುವ ಮಾತನ್ನು ಗುಟ್ಟೆಂದು ಕರೆಯುವುದೇ ಕಷ್ಟ. ಅದರ ಬಲವೆಲ್ಲ ಎರಡು ಸಂಗತಿಗಳಲ್ಲಿತ್ತು: ಮಾತಿನ ಆಯುಸ್ಸು ಒಂದೇ ರಾತ್ರಿ, ಮತ್ತು ಅದು ಸಾಗಿಬಂದ ದಾರಿಯ ಮೇಲೆ ಕಣ್ಣಿತ್ತು.

ಕಂಪ್ಯೂಟರಿನವರು ಆರಂಭದಲ್ಲಿ ಈ ಎರಡನ್ನೂ ಮರೆತರು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಪ್ರದರ್ಶಿಸಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಕಾಯಂ ಪಾಸ್‌ವರ್ಡ್. ಮಾರನೆಯ ವರ್ಷವೇ ಆ್ಯಲನ್ ಶೆರ್ ಎಂಬ ಸಂಶೋಧಕ, ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆಯ ಅವಧಿ ಸಾಲದೆ, ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಂಡ. 1966ರಲ್ಲಂತೂ ಕಳ್ಳನೂ ಬೇಕಾಗಲಿಲ್ಲ. ಎರಡು ಕಡತಗಳು ಅದಲುಬದಲಾಗಿ, ಒಳಬಂದವರಿಗೆಲ್ಲ ಸ್ವಾಗತದ ಮಾತಿನ ಬದಲು ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿ ಕಾಣಿಸಿತು!

ಇದಕ್ಕೊಂದು ಸುಂದರ ಪರಿಹಾರವನ್ನು ಗಣಿತಜ್ಞ ಲೆಸ್ಲಿ ಲ್ಯಾಂಪೋರ್ಟ್ 1981ರಲ್ಲಿ ಪ್ರಕಟಿಸಿದರು. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟನ್ನು ಮರಳಿ ರಾಗಿ ಮಾಡಲಾಗದು. ಗಣಿತದಲ್ಲೂ ಅಂಥ ಏಕಮುಖ ಕ್ರಿಯೆಗಳಿವೆ. ಒಂದು ಗುಟ್ಟಿನ ಮಾತನ್ನು ಅಂಥ ಕ್ರಿಯೆಗೆ ಸಾವಿರ ಸಲ ಒಳಪಡಿಸಿ, ಕೊನೆಯ ಫಲವನ್ನಷ್ಟೇ ಕಂಪ್ಯೂಟರಿಗೆ ಕೊಟ್ಟಿಡಬೇಕು. ಮೊದಲ ಸಲ ಬಳಕೆದಾರ 999ನೆಯ ಫಲವನ್ನು ಹೇಳುತ್ತಾನೆ. ಕಂಪ್ಯೂಟರ್ ಅದನ್ನು ಇನ್ನೊಮ್ಮೆ ‘ಬೀಸಿ’ ತನ್ನಲ್ಲಿರುವುದರೊಂದಿಗೆ ತಾಳೆ ನೋಡುತ್ತದೆ. ಮುಂದಿನ ಸಲಕ್ಕೆ 998ನೆಯದು. ಕದ್ದು ಕೇಳಿದವನಿಗೆ ಸಿಗುವುದು ಮುಗಿದುಹೋದ ಮಾತು. ಕಂಪ್ಯೂಟರಿನ ಕಡತ ಕದ್ದರೂ ಫಲವಿಲ್ಲ. ಈ ಸೂತ್ರದ ಮೇಲೆ ಬೆಲ್‌ಕೋರ್ ಸಂಸ್ಥೆ ರೂಪಿಸಿದ ಎಸ್/ಕೀ ವ್ಯವಸ್ಥೆಯ ವಿವರ 1995ರಲ್ಲಿ ಪ್ರಕಟವಾಯಿತು. ಆದರೆ ಬಳಕೆದಾರ ಪದಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬೇಕು, ಇಲ್ಲವೇ ಲೆಕ್ಕಹಾಕಲು ಬೇರೊಂದು ಯಂತ್ರ ಬೇಕು. ಜನಸಾಮಾನ್ಯರಿಗೆ ಒಗ್ಗುವ ಮಾತಲ್ಲ.

ಇ-ಮೇಲ್ ಈ ತೊಡಕನ್ನು ಕಳೆಯಿತು. ಇಲ್ಲಿ ಸಂಖ್ಯೆಯನ್ನು ಜಾಲತಾಣವೇ ಚೀಟಿ ಎತ್ತಿದಂತೆ ಆರಿಸಿ ಕಳಿಸುತ್ತದೆ. ಆರು ಅಂಕಿಗಳಲ್ಲಿ ಹತ್ತು ಲಕ್ಷ ಸಾಧ್ಯತೆಗಳಿವೆ. ಐದು ತಪ್ಪಿಗೆ ಬಾಗಿಲು ಮುಚ್ಚಿದರೆ, ಊಹಿಸುವವನು ಗೆಲ್ಲುವ ಸಂಭವ ಎರಡು ಲಕ್ಷಕ್ಕೆ ಒಂದು. ಆ ಐದರ ಮಿತಿಯನ್ನು ಮರೆತ ಜಾಲತಾಣಕ್ಕೆ ಮಾತ್ರ ದೇವರೇ ಗತಿ. ಕಂಪ್ಯೂಟರೊಂದು ಹತ್ತು ಲಕ್ಷ ಸಂಖ್ಯೆಗಳನ್ನು ಒಂದೊಂದಾಗಿ ಪ್ರಯತ್ನಿಸಲು ಬೇಸರಪಡುವುದಿಲ್ಲ. ಇನ್ನೊಂದು ವಿಷಯವನ್ನೂ ಒಪ್ಪಬೇಕು. ಮರೆತ ಪಾಸ್‌ವರ್ಡನ್ನು ಬದಲಿಸಲು ಜಾಲತಾಣಗಳು ಮೊದಲಿನಿಂದಲೂ ಇ-ಮೇಲಿಗೇ ಕೊಂಡಿ ಕಳಿಸುತ್ತಿದ್ದವು. ಎಲ್ಲ ಬೀಗಗಳ ಕೀಲಿ ಎಂದೋ ಅಂಚೆಪೆಟ್ಟಿಗೆ ಸೇರಿಯಾಗಿತ್ತು. ಹೊಸ ಪದ್ಧತಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ, ಅಷ್ಟೆ.

ಆಯುಸ್ಸಿನ ಪ್ರಶ್ನೆ ಹೀಗೆ ಬಗೆಹರಿಯಿತು, ದಾರಿಯದು ಉಳಿಯಿತು. ಇ-ಮೇಲ್ ಸಾಗಣೆಯ ನಿಯಮಾವಳಿ 1982ರಲ್ಲಿ ಪ್ರಕಟವಾದಾಗ ಅದು ತೆರೆದ ಅಂಚೆಕಾರ್ಡು. ಲಕೋಟೆಯೊಳಗೆ ಇಡುವಂತೆ ಸಂಕೇತೀಕರಿಸಿ ಕಳಿಸುವ ಏರ್ಪಾಡು ಬಂದದ್ದು 1999ರಲ್ಲಿ. ದಾರಿ ಭದ್ರವಾದರೂ ಪೆಟ್ಟಿಗೆಯೇ ಇನ್ನೊಬ್ಬನ ಕೈವಶವಾಗಿದ್ದರೆ? ಫೋನಿನಲ್ಲಿ ನಯವಾಗಿ ಮಾತನಾಡಿದವನಿಗೆ ಯಜಮಾನನೇ ಸಂಖ್ಯೆಯನ್ನು ಓದಿ ಹೇಳಿದರೆ? ಮೋಸಗಾರನಿಗೆ ಆ ಕೆಲವು ನಿಮಿಷಗಳೇ ಧಾರಾಳ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲಿ, ಬೇರೆ ದಾರಿಯಿಂದ ಗುರುತು ದೃಢಪಡಿಸುವ ಕೆಲಸಕ್ಕೆ ಇ-ಮೇಲ್ ಬಳಸಕೂಡದೆಂದಿತು. ಕಾರಣ ಸರಳ: ಇ-ಮೇಲನ್ನು ಯಾವ ಊರಿನಿಂದಾದರೂ, ಯಾವ ಯಂತ್ರದಿಂದಾದರೂ ತೆರೆಯಬಹುದು. ಸಂಖ್ಯೆಯನ್ನು ಓದಿದವನ ಕೈಯಲ್ಲಿ ಯಜಮಾನನದೇ ಆದ ವಸ್ತುವೊಂದು ಇತ್ತು ಎನ್ನಲು ರೋಮನ್ ಹಲಗೆಗಿದ್ದಂಥ ಸಾಕ್ಷಿ ಅಲ್ಲಿಲ್ಲ.