ಬೂಸಾ ಮತ್ತು ಹಾಸ್ಟೆಲ್ ಹುಡುಗರು

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಹೆಚ್ಚು ಎಂದರು. ಕಾಲೇಜುಗಳು ಹೊತ್ತಿಕೊಂಡವು. ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳಿಗೆ, ಅವರ ಹಾಸ್ಟೆಲ್ಲುಗಳಿಗೆ. ಸಚಿವರು ರಾಜೀನಾಮೆ ಕೊಡಬೇಕಾಯ್ತು. ನಮ್ಮ ಸಾಹಿತ್ಯ ಚರಿತ್ರೆ ಇದನ್ನು 'ವಿವಾದ' ಅಂತ ಕರೆದು ಸುಮ್ಮನಾಗುತ್ತದೆ. ಆದರೆ ಊರಿಂದ ಟ್ರಂಕು ಹೊತ್ತು ಬಂದು, ಸಂಘ, ಭಾಷಣ ಎಲ್ಲಾ ನಮಗ್ಯಾಕೆ ಎಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೊಸ ಹುಡುಗನಿಗೆ ಕ್ಯಾಂಪಸ್ಸು ನಿಜವಾಗಿ ಪರಿಚಯವಾದದ್ದು ಆಗಲೇ. ಸೇರುವುದೋ ಬಿಡುವುದೋ ಎಂಬ ಆಯ್ಕೆ ಅವನಿಗೆಲ್ಲಿತ್ತು? ದಲಿತ ಸಂಘರ್ಷ ಸಮಿತಿ, 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', ಎರಡರ ಹಿಂದೆಯೂ ಆ ಕುದಿ ಇದೆ.

ಈಗ ನನ್ನ ತರಗತಿಯ ಹೊಸ ಮಕ್ಕಳು ಬೂಸಾ ಬಗ್ಗೆ ಎರಡು ಅಂಕದ ಉತ್ತರ ಬರೀತಾರೆ. ಹೊಡೆಸಿಕೊಂಡೋರು ಯಾರು ಅಂತ ಕೇಳಿದರೆ, 'ನೋಟ್ಸಲ್ಲಿಲ್ಲ ಸಾರ್' ಅಂತಾರೆ.